ಪೌರಸಭೆಯೂ ಪರದೇಶಿಯೂ

ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಈ ವರ್ಷ “ಅಕ್ರಮವಾಗಿ ನುಸುಳಿದ ವಿದೇಶೀಯರನ್ನು ಹುಡುಕಿಕೊಡುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಗಬೇಕು” ಎಂಬ ವಿಷಯದ ಮೇಲೆ ವಾದ ನಡೆಯಿತು. ಪರವಾಗಿ ಮಾತನಾಡಿದವರಿಗೇ ಬಹುಮಾನ ಬಂತು. ಅವರು ಚೆನ್ನಾಗಿಯೇ ಮಾತನಾಡಿದರು. ವಿರೋಧವಾಗಿ ನಿಂತ ನನಗೆ ಕೊಟ್ಟಿದ್ದ ಐದು ನಿಮಿಷಗಳಲ್ಲಿ ಮೊದಲ ಮೂರು ನಿಮಿಷ ಗಂಟಲೇ ಏಳಲಿಲ್ಲವಾದ್ದರಿಂದ, ಅಂದು ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಪಾದಕರು ಸ್ಥಳ ಕೊಟ್ಟಿದ್ದಾರೆ. ವಾಚಕರು ತಾಳ್ಮೆ ಕೊಡಬೇಕು.

ಪ್ರತಿವಾದಿ ಮಿತ್ರರು ಅಮೆರಿಕದ ಉದಾಹರಣೆ ಕೊಟ್ಟರು. ಟೆಕ್ಸಾಸ್ ಸಂಸ್ಥಾನ 2017ರಲ್ಲಿಯೂ ಫ್ಲಾರಿಡಾ 2019ರಲ್ಲಿಯೂ ಇಂಥ ಶಾಸನ ಮಾಡಿದುವೆಂಬುದು ನಿಜ. ಅಲ್ಲಿ ವಲಸೆಯ ವಿಚಾರ ಕೇಂದ್ರಕ್ಕೆ ಸೇರಿದ್ದು. ಆದರೆ ಕೇಂದ್ರವು ಊರಿನ ಅಧಿಕಾರಿಗಳನ್ನು ತನ್ನ ಆಳುಗಳಂತೆ ದುಡಿಸಿಕೊಳ್ಳಲಾಗದೆಂದು ಅಲ್ಲಿಯ ಸುಪ್ರೀಂ ಕೋರ್ಟು 1997ರಲ್ಲಿ, ಬೇರೆಯೇ ಒಂದು ಮೊಕದ್ದಮೆಯಲ್ಲಿ, ಹೇಳಿಬಿಟ್ಟಿದೆ. ಆದ್ದರಿಂದ ಕೇಂದ್ರದ ಕೈಗೆಟುಕದ್ದನ್ನು ಸಂಸ್ಥಾನಗಳು ತಾವಾಗಿ ಮಾಡಿಸಹೊರಟವು. ಟೆಕ್ಸಾಸಿನಲ್ಲಿ ಸಹಕರಿಸದ ನಗರಕ್ಕೆ ದಿನವೊಂದಕ್ಕೆ 25,000 ಡಾಲರಿಗೂ ಮೀರಿದ ದಂಡ ಬೀಳಬಹುದು. ಚುನಾಯಿತ ಅಧಿಕಾರಿಯ ಪದವಿಯೂ ಹೋಗಬಹುದು. ಜನ ಆರಿಸಿದವನನ್ನು ಜನರ ಮೇಲೆಯೇ ಬೇಹುಗಾರನಾಗದಿದ್ದುದಕ್ಕೆ ತೆಗೆದುಹಾಕುವ ಈ ಏರ್ಪಾಟನ್ನು ಮಿತ್ರರು ಹೊಗಳಿದ್ದು ನನಗೆ ಸ್ವಲ್ಪ ಆಶ್ಚರ್ಯವನ್ನೇ ಉಂಟುಮಾಡಿತು.

ಅಷ್ಟು ದೂರ ಹೋಗುವುದೇಕೆ? ಬೆಂಗಳೂರಿನಲ್ಲಿಯೇ, 2020ರ ಜನವರಿಯಲ್ಲಿ, ಈ ನಾಟಕದ ಒಂದು ಅಂಕ ನಡೆದುಹೋಗಿದೆ. ಬೆಳ್ಳಂದೂರಿನ ಕಡೆ ಕರಿಯಮ್ಮನ ಅಗ್ರಹಾರವೆಂಬ ಸ್ಥಳವುಂಟು. ಅಲ್ಲಿಯ ಖಾಸಗಿ ಜಮೀನಿನಲ್ಲಿ ಕೂಲಿಯವರು, ಮನೆಗೆಲಸದವರು, ಕಸ ಆಯುವವರು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಇವರು ಬಾಂಗ್ಲಾದೇಶದವರೆಂದು ಗುಲ್ಲೆದ್ದಿತು. ಪೋಲೀಸಿನವರು ಜಮೀನಿನ ಮಾಲೀಕರಿಗೆ ನೋಟೀಸು ಕೊಟ್ಟರು. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಇಂಜಿನಿಯರೊಬ್ಬರು, ಅಕ್ರಮ ಬಾಂಗ್ಲಾ ವಲಸಿಗರ ಶೆಡ್ಡುಗಳನ್ನು ತೆರವು ಮಾಡಬೇಕಾಗಿದೆ, ರಕ್ಷಣೆ ಬೇಕು ಎಂದು ಪೋಲೀಸಿಗೆ ಪತ್ರ ಬರೆದರು. ಯಂತ್ರ ಬಂತು, ನೂರಕ್ಕೂ ಹೆಚ್ಚು ಶೆಡ್ಡುಗಳು ನೆಲಸಮವಾದುವು. ಬೀದಿಯಲ್ಲಿ ನಿಂತವರಾರು? ಅಸ್ಸಾಮಿನವರು, ತ್ರಿಪುರದವರು, ಬಂಗಾಳದವರು, ಅವರ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕನ್ನಡಿಗರು! ಅನೇಕರ ಕೈಯಲ್ಲಿ ಮತದಾರರ ಚೀಟಿಯಿತ್ತು. ಚರಂಡಿಯ ಇಳಿಜಾರನ್ನು ಅಳೆಯಬಲ್ಲ ಇಂಜಿನಿಯರಿಗೆ ಮನುಷ್ಯನ ರಾಷ್ಟ್ರೀಯತೆಯನ್ನು ಅಳೆಯುವ ಉಪಕರಣವನ್ನು ಯಾವ ಕಾಲೇಜಿನವರು ಕೊಟ್ಟಿದ್ದರೋ ತಿಳಿಯದು.

ಆಮೇಲೆ ಪಾಲಿಕೆಯವರು ಇದು ತಮ್ಮ ಆಜ್ಞೆಯಲ್ಲವೆಂದರು. ಇಂಜಿನಿಯರನ್ನು ಆ ಸ್ಥಾನದಿಂದ ತೆಗೆದರು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯವರು ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ತೆರವನ್ನು ತಡೆಯಿತು; ಕಾನೂನಿನ ಆಧಾರವಿಲ್ಲದೆ ಒಕ್ಕಲೆಬ್ಬಿಸಿದ್ದನ್ನು ಆಕ್ಷೇಪಿಸಿ, ಮನೆ ಕಳೆದುಕೊಂಡವರ ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು. ನ್ಯಾಯಾಲಯ ಮಾತನಾಡುವ ಹೊತ್ತಿಗೆ ತಗಡು ಮುರಿದು ಬಿದ್ದಾಗಿತ್ತು.

ದೇಶಕ್ಕೆ ಗಡಿ ಬೇಡವೆಂದು ನಾನು ಹೇಳುವುದಿಲ್ಲ. ಒಳಗೆ ಬಂದವರಾರೆಂದು ತಿಳಿಯುವ ಹಕ್ಕು ಸರ್ಕಾರಕ್ಕಿದೆ. ಅದಕ್ಕೆ ಕಾನೂನೂ ಉಂಟು: 1946ರ ವಿದೇಶೀಯರ ಕಾಯಿದೆ ಹೋಗಿ, 2025ರ ಸೆಪ್ಟೆಂಬರಿನಿಂದ ವಲಸೆ ಮತ್ತು ವಿದೇಶೀಯರ ಹೊಸ ಕಾಯಿದೆ ಜಾರಿಯಲ್ಲಿದೆ. ವಿದೇಶೀಯರು ತಂಗಿದರೆ ವಸತಿಗೃಹದವರೂ, ಓದಿದರೆ ಕಾಲೇಜಿನವರೂ, ಕಾಯಿಲೆ ಬಿದ್ದರೆ ಆಸ್ಪತ್ರೆಯವರೂ ವರದಿ ಕೊಡಬೇಕೆಂದು ಅದರಲ್ಲಿದೆ. ತಾನು ವಿದೇಶೀಯನಲ್ಲವೆಂದು ರುಜುವಾತು ಮಾಡುವ ಭಾರ ಹಳೆಯ ಕಾಯಿದೆಯಂತೆ ಇದರಲ್ಲಿಯೂ ಆಪಾದಿತನದೇ. ಹೀಗಿರುವಾಗ ಅನುಮಾನದ ಬೆರಳು ಯಾರದಾಗಿರಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ಪೌರಸಂಸ್ಥೆಗಳಿಗೆ 18 ಕೆಲಸಗಳನ್ನು ಹೇಳಿದೆ. ಸಾರ್ವಜನಿಕ ಆರೋಗ್ಯ, ನೀರು, ಕೊಳೆಗೇರಿಗಳ ಸುಧಾರಣೆ, ಜನನ ಮರಣಗಳ ನೋಂದಣಿ, ಸ್ಮಶಾನ ಕೂಡ ಅದರಲ್ಲಿವೆ. ಪರದೇಶಿಯನ್ನು ಹುಡುಕುವುದು ಮಾತ್ರ ಇಲ್ಲ. (ನಮ್ಮ ಭಾಷೆಯಲ್ಲಿ ‘ಪರದೇಶಿ’ ಎಂದರೆ ಹೊರದೇಶದವನೂ ಹೌದು, ದಿಕ್ಕಿಲ್ಲದವನೂ ಹೌದು. ಕರಿಯಮ್ಮನ ಅಗ್ರಹಾರದಲ್ಲಿ ಎರಡನೆಯವರನ್ನು ಮೊದಲನೆಯವರೆಂದು ತಿಳಿದರು.) ನೆಲಮಂಗಲದ ಬಳಿ ಸೊಂಡೆಕೊಪ್ಪದಲ್ಲಿ ವಿದೇಶೀಯರನ್ನು ಇಡುವ ಕೇಂದ್ರವಿದೆ. ಆ ಕಟ್ಟಡ ಮೊದಲು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿತ್ತೆಂಬುದನ್ನು, ಅಂಥ ನಿಲಯಗಳಲ್ಲಿ ಅನ್ನ ಉಂಡು ಓದುತ್ತಿರುವ ನನ್ನ ಗೆಳೆಯರಿಗೆ ತಿಳಿಸಿದರೆ ಸಾಕು.

ನನಗೆ ಈ ವಿಷಯ ಕೇವಲ ಚರ್ಚೆಯದಲ್ಲ. ಲಿಂಗಸುಗೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ನಮ್ಮ ಅಪ್ಪ ಅವ್ವ ಗೊಟ್ಟಿಗೆರೆಯಲ್ಲಿ ನಾಲ್ಕು ವರ್ಷ ತಗಡಿನ ಶೆಡ್ಡಿನಲ್ಲಿಯೇ ಸಂಸಾರ ಮಾಡಿದರು. ಪಕ್ಕದ ಶೆಡ್ಡಿನವರು ಬಂಗಾಳದವರು. ಅವ್ವನಿಗೆ ಅವರ ಮಾತು ಬಾರದು, ಅವರಿಗೆ ಅವ್ವನದು ಬಾರದು. ಉಪ್ಪು, ಬೆಂಕಿಪೊಟ್ಟಣದ ವ್ಯವಹಾರ ಮಾತ್ರ ಸರಾಗವಾಗಿ ನಡೆಯುತ್ತಿತ್ತು. ಆಗ ಯಾರಾದರೂ ಬಂದು ಕಾಗದ ತೋರಿಸಿ ಎಂದಿದ್ದರೆ ನಮ್ಮ ರೇಷನ್ ಕಾರ್ಡು ಊರಿನಲ್ಲಿ ಅಜ್ಜಿಯ ಟ್ರಂಕಿನಲ್ಲಿತ್ತು. ಅಪ್ಪನ ರಾಯಚೂರು ಕನ್ನಡವನ್ನು ಕೇಳಿ ಬೆಂಗಳೂರಿನವರೊಬ್ಬರು “ನೀವು ಯಾವ ಕಡೆಯವರಪ್ಪ?” ಎಂದು ಎರಡು ಸಲ ಕೇಳಿದ್ದು ನನಗಿನ್ನೂ ನೆನಪಿದೆ.

ಮೊನ್ನೆ ಪೋಲಿಯೋ ಭಾನುವಾರ ನಮ್ಮ ಎನ್.ಎಸ್.ಎಸ್. ತಂಡದಿಂದ ಅದೇ ಶೆಡ್ಡುಗಳ ಸಾಲಿಗೆ ಹೋಗಿದ್ದೆ. ಆಶಾ ಕಾರ್ಯಕರ್ತೆಯೊಬ್ಬರು ಮುಂದೆ, ನಾನು ಲಸಿಕೆಯ ಡಬ್ಬಿ ಹಿಡಿದು ಹಿಂದೆ. ಅವರು ಬಾಗಿಲಲ್ಲಿ ನಿಂತು ಚೀಲದಿಂದ ರಿಜಿಸ್ಟರನ್ನು ಹೊರಗೆ ತೆಗೆದರು. ಒಳಗಿನ ಹೆಂಗಸು ಅದನ್ನು ಕಂಡವಳೇ ಮಗುವನ್ನು ಎತ್ತಿಕೊಂಡು ಹಿಂದಿನ ಸಂದಿಗೆ ಸರಿದಳು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಆಶಾ ಅಕ್ಕನವರು ರಿಜಿಸ್ಟರನ್ನು ಮಡಿಸಿ ಚೀಲದೊಳಗಿಟ್ಟು, “ಹೆಸರು ಆಮೇಲೆ ನೋಡೋಣ ಬಾಮ್ಮ, ಎರಡು ಹನಿ ಹಾಕಿ ಬೆರಳಿಗೆ ಮಸಿ ಹಚ್ಚಿಬಿಡ್ತೀನಿ” ಎಂದರು. ಅವಳಿಗೆ ಕನ್ನಡ ಎಷ್ಟು ತಿಳಿಯಿತೋ! ಚೀಲ ಮುಚ್ಚಿದ್ದಂತೂ ಕಂಡಿರಬೇಕು. ಮಗುವನ್ನು ಹೊರಗೆ ತಂದು ಕೂರಿಸಿ, ಅದರ ಗಲ್ಲ ಹಿಡಿದಳು. ನಾನು ಡಬ್ಬಿಯ ಮುಚ್ಚಳ ತೆಗೆದೆ.