ಸ್ನಿಗ್ಧತೆಯ ಮಾನಗಳೂ ಪರಿವರ್ತನೆಯ ಕೋಷ್ಟಕವೂ

ಒಂದು ಮಾನದಿಂದ ಇನ್ನೊಂದು ಮಾನಕ್ಕೆ ಪರಿವರ್ತಿಸುವುದೆಂದರೆ ಯಾವುದೋ ಒಂದು ಸಂಖ್ಯೆಯಿಂದ ಗುಣಿಸುವುದು ಅಥವಾ ಭಾಗಿಸುವುದು, ಅಷ್ಟೇ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅಂಗುಲವನ್ನು ಸೆಂಟಿಮೀಟರಿಗೂ ಪೌಂಡನ್ನು ಕಿಲೋಗ್ರಾಮಿಗೂ ಬದಲಾಯಿಸುವಾಗ ಇದು ಸತ್ಯವೇ ಸರಿ. ಆದರೆ ಹರಳೆಣ್ಣೆ, ಗ್ಲಿಸರೀನು, ಯಂತ್ರತೈಲ ಮೊದಲಾದ ಮಂದ ದ್ರವಗಳ ಸ್ನಿಗ್ಧತೆಯ ವಿಚಾರಕ್ಕೆ ಬಂದೊಡನೆ ಈ ಭಾವನೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಪುಸ್ತಕದ ಕೊನೆಯಲ್ಲಿರುವ ಕೋಷ್ಟಕವನ್ನು ಕಂಠಪಾಠ ಮಾಡಿಸುವುದಕ್ಕೆ ಮೊದಲು, ಅದರ ಹಿಂದಿರುವ ಭೌತವಿಜ್ಞಾನವನ್ನು ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ದ್ರವದ ಒಂದು ಪದರ ಇನ್ನೊಂದರ ಮೇಲೆ ಜಾರುವಾಗ ತೋರುವ ಒಳಘರ್ಷಣೆಯೇ ಸ್ನಿಗ್ಧತೆ. ಇದರ ಹಳೆಯ ಮಾನವಾದ ಪಾಯ್ಸ್, ಕಿರುನಾಳಗಳಲ್ಲಿ ದ್ರವಗಳ ಹರಿವನ್ನು ಅಭ್ಯಸಿಸಿದ ಫ್ರೆಂಚ್ ವೈದ್ಯ ಪ್ವಾಸೆಯಿಯ (1797-1869) ಸ್ಮರಣಾರ್ಥ ಬಂದುದು. ಸ್ನಿಗ್ಧತೆಯನ್ನು ದ್ರವದ ಸಾಂದ್ರತೆಯಿಂದ ಭಾಗಿಸಿದರೆ ದೊರೆಯುವುದು ಚಲನಸ್ನಿಗ್ಧತೆ. ಸೆಕೆಂಡಿಗೆ ಒಂದು ಚದರ ಸೆಂಟಿಮೀಟರ್ ಎಂಬುದು ಇದರ ಮಾನ. ಜಾರ್ಜ್ ಸ್ಟೋಕ್ಸನ (1819-1903) ಹೆಸರಿನಿಂದ ಇದನ್ನು ಸ್ಟೋಕ್ಸ್ ಎನ್ನುತ್ತಾರೆ. ಅದರ ನೂರನೆಯ ಒಂದು ಭಾಗ ಸೆಂಟಿಸ್ಟೋಕ್ಸ್. ದ್ರವವು ತನ್ನ ತೂಕದಿಂದಲೇ ಹರಿಯುವಾಗ ತೂಕವು ಅದನ್ನು ಮುಂದಕ್ಕೆ ನೂಕುತ್ತದೆ, ಘರ್ಷಣೆಯು ಹಿಂದಕ್ಕೆ ಎಳೆಯುತ್ತದೆ. ಇಂಥ ಹರಿವಿನಲ್ಲಿ ನಾವು ಅಳೆಯುವುದು ಚಲನಸ್ನಿಗ್ಧತೆಯನ್ನೇ.

ಈ ಎರಡು ಪರಿಮಾಣಗಳು ಒಂದೇ ಅಲ್ಲವೆಂಬುದಕ್ಕೆ ಪಾದರಸವೇ ಸಾಕ್ಷಿ. ಅದರ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಚಲನಸ್ನಿಗ್ಧತೆಯಾದರೋ ನೀರಿನದರ ಒಂಬತ್ತನೆಯ ಒಂದು ಭಾಗದಷ್ಟು ಮಾತ್ರ. ಗಾಳಿಯ ಸ್ನಿಗ್ಧತೆ ನೀರಿನದರ ಐವತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ; ಆದರೂ ಅದರ ಚಲನಸ್ನಿಗ್ಧತೆ ನೀರಿನದರ ಸುಮಾರು ಹದಿನೈದು ಪಟ್ಟು. ಪಾಯ್ಸಿನಿಂದ ಸ್ಟೋಕ್ಸಿಗೆ ಹೋಗಲು ಎಲ್ಲ ದ್ರವಗಳಿಗೂ ಸಲ್ಲುವ ಒಂದು ಗುಣಕ ಇರಲಾರದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗ್ಲಿಸರೀನಿನ ಸ್ನಿಗ್ಧತೆ ಸುಮಾರು 14.1 ಪಾಯ್ಸ್, ಸಾಂದ್ರತೆ 1.26. ಭಾಗಿಸಿದರೆ 11.2 ಸ್ಟೋಕ್ಸ್, ಎಂದರೆ 1120 ಸೆಂಟಿಸ್ಟೋಕ್ಸ್. ಸಾಂದ್ರತೆಯನ್ನು ಮರೆತವನು 1410 ಎಂದು ಬರೆದು ಕಾಲು ಭಾಗಕ್ಕೂ ಮಿಕ್ಕಿ ತಪ್ಪುತ್ತಾನೆ. ಹರಳೆಣ್ಣೆಯ ಸಾಂದ್ರತೆ 0.96 ಇರುವುದರಿಂದ ಅಲ್ಲಿ ಅದೇ ತಪ್ಪು ನೂರಕ್ಕೆ ನಾಲ್ಕರಷ್ಟಾಗಿ ಅಡಗಿಕೊಳ್ಳುತ್ತದೆ. ಅಡಗಿದ ತಪ್ಪು ಬಯಲಾದ ತಪ್ಪಿಗಿಂತ ಹೆಚ್ಚು ಅಪಾಯಕರ.

ಇನ್ನೊಂದು ತೊಡಕು ಸೆಕೆಂಡುಗಳದು. ಅಮೆರಿಕದ ಸೇಬೋಲ್ಟ್ ಉಪಕರಣದಲ್ಲಿ 60 ಘನ ಸೆಂಟಿಮೀಟರ್ ತೈಲವು ಗೊತ್ತಾದ ಕಿರುರಂಧ್ರದ ಮೂಲಕ ಇಳಿಯಲು ಹಿಡಿಯುವ ಕಾಲವನ್ನು ಎಣಿಸುತ್ತಾರೆ. ಇಂಗ್ಲೆಂಡಿನ ರೆಡ್‌ವುಡ್ ಉಪಕರಣದಲ್ಲಿ ತೈಲ 50 ಘನ ಸೆಂಟಿಮೀಟರ್. ಜರ್ಮನಿಯ ಎಂಗ್ಲರ್ ಡಿಗ್ರಿಯು ತೈಲದ ಕಾಲಕ್ಕೂ ನೀರಿನ ಕಾಲಕ್ಕೂ ಇರುವ ನಿಷ್ಪತ್ತಿ. ನಿಜವಾಗಿ ನೋಡಿದರೆ ಇವು ಮಾನಗಳೇ ಅಲ್ಲ, ಪ್ರಯೋಗದ ಫಲಗಳು.

“ಮಂದ ತೈಲಗಳಿಗೆ ಸೇಬೋಲ್ಟ್ ಸೆಕೆಂಡನ್ನು 4.632ರಿಂದ ಭಾಗಿಸಿದರೆ ಸೆಂಟಿಸ್ಟೋಕ್ಸ್ ಬರುತ್ತದಲ್ಲ. ಇಷ್ಟು ಸುಲಭವಾದ ಸೂತ್ರವಿರುವಾಗ ಈ ತಕರಾರೇಕೆ?” ಎಂದು ಕೆಲವರು ಕೇಳಬಹುದು. 100 ಡಿಗ್ರಿ ಫಾರನ್‌ಹೀಟ್‌ನಲ್ಲಿ 1000 ಸೆಕೆಂಡು ಹಿಡಿಯುವ ತೈಲಕ್ಕೆ 216 ಎಂಬ ಉತ್ತರ ಸರಿಯಾದುದೇ. ಆದರೆ 40 ಸೆಕೆಂಡಿನ ತೆಳು ತೈಲಕ್ಕೆ ಅದೇ ಸೂತ್ರ 8.6 ಎನ್ನುತ್ತದೆ, ನಿಜವಾದ ಬೆಲೆಯೋ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಮಂದ ದ್ರವದಲ್ಲಿ ತೂಕವೆಲ್ಲವೂ ಘರ್ಷಣೆಯನ್ನು ಗೆಲ್ಲುವುದಕ್ಕೇ ವ್ಯಯವಾಗುತ್ತದೆ. ತೆಳು ದ್ರವದಲ್ಲಿ ಅದರ ಬಹುಭಾಗ ದ್ರವಕ್ಕೆ ವೇಗವನ್ನು ಕೊಡುವುದಕ್ಕೆ ಹೋಗುತ್ತದೆ. ಆದುದರಿಂದ ಕಾಲವು ಸ್ನಿಗ್ಧತೆಗೆ ಅನುಪಾತದಲ್ಲಿ ಉಳಿಯುವುದಿಲ್ಲ. ಸೂತ್ರವನ್ನು ಬಲ್ಲವನಿಗೆ ಅದರ ಮೇರೆಯೂ ತಿಳಿದಿರಬೇಕು.

ಉಷ್ಣತೆಯನ್ನು ಹೇಳದ ಸ್ನಿಗ್ಧತೆಗೆ ಅರ್ಥವೇ ಇಲ್ಲ. 20 ಡಿಗ್ರಿಯಲ್ಲಿ ಸುಮಾರು 986 ಸೆಂಟಿಪಾಯ್ಸ್ ಇರುವ ಹರಳೆಣ್ಣೆ 40 ಡಿಗ್ರಿಯಲ್ಲಿ 231ಕ್ಕೆ ಇಳಿಯುತ್ತದೆ. ನಮ್ಮ ರಸ್ತೆಗಳಿಗೆ ಹಾಕುವ ಬಿಟುಮೆನ್ನನ್ನು ನೋಡಿ. ಭಾರತೀಯ ಮಾನಕ 73ರ 2006ರ ಪರಿಷ್ಕರಣದಿಂದ ಅದನ್ನು ಸ್ನಿಗ್ಧತೆಯ ಆಧಾರದ ಮೇಲೆ ವರ್ಗೀಕರಿಸಲಾಯಿತು. ವಿಜಿ-30 ಎಂಬ ದರ್ಜೆಗೆ 60 ಡಿಗ್ರಿಯಲ್ಲಿ ಕನಿಷ್ಠ 2400 ಪಾಯ್ಸ್, 135 ಡಿಗ್ರಿಯಲ್ಲಿ ಕನಿಷ್ಠ 350 ಸೆಂಟಿಸ್ಟೋಕ್ಸ್ ಇರಬೇಕು. ಮೊದಲನೆಯದು ಬೇಸಿಗೆಯ ಬಿಸಿಲಿನಲ್ಲಿ ಕಾದ ರಸ್ತೆಯನ್ನು ಕುರಿತದ್ದು. ಎರಡನೆಯದು ಜಲ್ಲಿಯೊಡನೆ ಬೆರೆಸಲು ಕಾಯಿಸಿದ ದ್ರವವನ್ನು ಕುರಿತದ್ದು. ಬಿಟುಮೆನ್ನಿನ ಸಾಂದ್ರತೆ ಹೆಚ್ಚುಕಡಿಮೆ ಒಂದೇ ಆದುದರಿಂದ 2400 ಪಾಯ್ಸ್ ಎಂದರೆ ಸುಮಾರು 2,40,000 ಸೆಂಟಿಸ್ಟೋಕ್ಸ್! ಈ ಎರಡು ಸಂಖ್ಯೆಗಳ ನಡುವೆ ಇರುವುದು ಮಾನಗಳ ಭೇದವಲ್ಲ, 75 ಡಿಗ್ರಿ ಉಷ್ಣತೆಯ ಭೇದ. ಯಾವ ಕೋಷ್ಟಕವೂ ಒಂದರಿಂದ ಇನ್ನೊಂದನ್ನು ಕೊಡಲಾರದು. ಇದನ್ನರಿಯದ ಎಂಜಿನಿಯರನ ಕೈಯಲ್ಲಿ ರಸ್ತೆ ಬಾಳುವುದು ಹೇಗೆ?

ದೋಸೆಯ ಹಿಟ್ಟು, ಬಣ್ಣ ಮುಂತಾದುವುಗಳದು ಇನ್ನೂ ವಿಚಿತ್ರ. ಕಲಕುವ ವೇಗ ಬದಲಾದಂತೆ ಅವುಗಳ ಸ್ನಿಗ್ಧತೆಯೂ ಬದಲಾಗುತ್ತದೆ. ಅಳೆದ ವೇಗವನ್ನು ಹೇಳದೆ ಅವಕ್ಕೆ ಒಂದೇ ಸಂಖ್ಯೆಯನ್ನು ಕೊಡುವುದು ಸರಿಯಲ್ಲ.

ಹಳೆಯ ಸೆಕೆಂಡುಗಳೂ ಡಿಗ್ರಿಗಳೂ ಚರಿತ್ರೆಯ ಪಾಠದಲ್ಲಿರಲಿ. ಪ್ರಯೋಗಶಾಲೆಯಲ್ಲಿ ಚದರ ಮಿಲಿಮೀಟರ್ ಪ್ರತಿ ಸೆಕೆಂಡ್ ಎಂಬ ಮಾನವೊಂದೇ ಸಾಕು. ಅದು ಸೆಂಟಿಸ್ಟೋಕ್ಸಿಗೆ ಸರಿಸಮನಾದುದರಿಂದ ಯಾರಿಗೂ ಕಷ್ಟವಿಲ್ಲ. ಪರೀಕ್ಷೆಯಲ್ಲಿ ಗುಣಕವನ್ನು ಕೇಳುವ ಬದಲು “ಈ ಪರಿವರ್ತನೆಗೆ ಇನ್ನೇನು ತಿಳಿದಿರಬೇಕು?” ಎಂದು ಕೇಳಬೇಕು. ಸಾಂದ್ರತೆ, ಉಷ್ಣತೆ, ಅಳೆದ ವಿಧಾನ ಎಂದು ಉತ್ತರಿಸಬಲ್ಲ ವಿದ್ಯಾರ್ಥಿಯು ಕೋಷ್ಟಕವನ್ನು ಮರೆತರೂ ಚಿಂತೆಯಿಲ್ಲ. ಬೇಕಾದಾಗ ತಾನೇ ಅದನ್ನು ರಚಿಸಿಕೊಳ್ಳಬಲ್ಲನು.