5 ಲಕ್ಷದ ಕಾರ್ಡು, ಒಂದು ಹುಳುಕು ಹಲ್ಲು

ನನ್ನ ಇಂಜಿನಿಯರಿಂಗ್ ಓದಿಗೆ ಬೆಂಗಳೂರಿನಲ್ಲಿ ಇರುವುದಕ್ಕಿಂತ ಹೆಚ್ಚಿನ ಬೆಲೆ ನಮ್ಮ ಹೊಳಲಿನಲ್ಲಿದೆ. ಶನಿವಾರ ಊರಿಗೆ ಬಂದರೆ ಸಾಕು, ಪಹಣಿ, ಪಿಂಚಣಿ, ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದುಪಡಿ ಅಂತ ಒಬ್ಬೊಬ್ಬರೇ ಫೋನ್ ಹಿಡ್ಕೊಂಡು ಬರ್ತಾರೆ. "ಕಂಪ್ಯೂಟರ್ ಓದವ್ನೆ, ನೋಡ್ತಾನೆ ಬುಡು" ಅನ್ನೋ ನಂಬಿಕೆ. ಈಚೆಗೆ ಪದೇ ಪದೇ ಬರುವ ಪ್ರಶ್ನೆ ಒಂದಿದೆ: "ಈ ಆಯುಷ್ಮಾನ್ ಕಾರ್ಡಲ್ಲಿ ಹಲ್ಲು ಕಟ್ಟಿಸ್ಕೋಬೋದಾ ಮಗ?"

ಆಗಲ್ಲ ಅಂತ ಒಂದೇ ಮಾತಲ್ಲಿ ಹೇಳಿ ಕಳಿಸಬಹುದು. ಆದರೆ ಆ "ಆಗಲ್ಲ"ವೇ ದೊಡ್ಡ ಅಪಾಯ. ಯಾಕೆಂದರೆ ಕೇಳಿದವರು ಅದನ್ನು "ಸರ್ಕಾರದಲ್ಲಿ ಹಲ್ಲಿಗೆ ಏನೂ ಇಲ್ಲ" ಅಂತ ಅರ್ಥ ಮಾಡ್ಕೊಂಡು ಮನೆಗೆ ಹೋಗ್ತಾರೆ. ಅದು ನಿಜವಲ್ಲ.

ಮೊದಲು ಕಾರ್ಡಿನ ವಿಷಯ. 2018ರ ಮಾರ್ಚ್‌ನಲ್ಲಿ ರಾಜ್ಯದ "ಆರೋಗ್ಯ ಕರ್ನಾಟಕ" ಶುರುವಾಯ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಅಕ್ಟೋಬರ್ ಕೊನೆಗೆ ಎರಡೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಬರೆದುಕೊಟ್ಟ ರೆಫರಲ್ ಚೀಟಿ ಹಿಡಿದು ಬೇರೆ ಕಡೆಗೆ. ತುರ್ತು ಇದ್ದರೆ ಚೀಟಿ ಬೇಡ.

ಇದು ಇರೋದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗುವ ಚಿಕಿತ್ಸೆಗೆ. ಹುಳುಕಿಗೆ ಸಿಮೆಂಟ್ ತುಂಬಿಸೋದು, ರೂಟ್ ಕೆನಾಲ್, ಕ್ಯಾಪ್, ಹಲ್ಲಿನ ಸೆಟ್ ಇವೆಲ್ಲ ಕೂತು ಎದ್ದು ಮನೆಗೆ ಬರುವ ಕೆಲಸ, ಹಾಗಾಗಿ ಹೊರಗೆ. ಅಪಘಾತದಲ್ಲಿ ದವಡೆ ಮುರಿದರೆ, ಬಾಯಿ ಕ್ಯಾನ್ಸರ್ ಆದರೆ, ಸೀಳುತುಟಿಯ ಆಪರೇಷನ್ ಆಗಬೇಕಾದರೆ ಒಳಗೆ. ಬಡವರ ಕಾರ್ಡು ಅಂತ ಹೀಗೆ ಮಾಡಿದ್ದಾರೆ ಅಂದುಕೋಬೇಡಿ. ನಮ್ಮ ಐಟಿ ಕಂಪನಿಗಳ ಗ್ರೂಪ್ ಇನ್ಶೂರೆನ್ಸ್‌ನಲ್ಲೂ ಸಾಮಾನ್ಯವಾಗಿ ಇದೇ ಸಾಲು, ಸಣ್ಣ ಅಕ್ಷರದಲ್ಲಿ.

ಲೆಕ್ಕದ ದೃಷ್ಟಿಯಿಂದ ಇದಕ್ಕೊಂದು ಕಾರಣ ಇದೆ. ವಿಮೆ ಅನ್ನೋದು ಯಾವಾಗಲೋ ಒಮ್ಮೆ, ಯಾರಿಗೋ ಒಬ್ಬರಿಗೆ ಬರುವ ದೊಡ್ಡ ಖರ್ಚಿಗೆ. ಹುಳುಕು ಹಲ್ಲು ಎಲ್ಲರ ಮನೆಯಲ್ಲೂ ಇದೆ. ಒಪ್ಪೋಣ. ಆದರೆ ಫಲಿತಾಂಶ ನೋಡಿ. ನಮ್ಮ ದೊಡ್ಡವ್ವ ಒಂದು ದವಡೆ ಹಲ್ಲಿನ ನೋವಿಗೆ ಆರು ತಿಂಗಳು ಲವಂಗ ಕಚ್ಚಿಕೊಂಡು, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿಕೊಂಡು ಕಳೆದರು. "ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಹೋಯ್ತದೆ" ಅನ್ನೋ ಹೆದರಿಕೆ ಬೇರೆ (ಹೋಗಲ್ಲ, ಹಲ್ಲಿನ ನರವೇ ಬೇರೆ, ಕಣ್ಣಿನ ನರವೇ ಬೇರೆ). ಕೊನೆಗೆ ಕೆನ್ನೆ ಊದಿ, ಬಾಯಿ ತೆರೆಯಕ್ಕಾಗದೆ, ಜ್ವರ ಬಂದು ಐದು ದಿನ ಆಸ್ಪತ್ರೆಯಲ್ಲಿ ಮಲಗಿದರು. ಆಗ ಬಂತು ನೋಡಿ ಪ್ರಶ್ನೆ: "ಕಾರ್ಡ್ ಇದೆಯಾ?" ಹುಳುಕು ಸಣ್ಣದಿದ್ದಾಗ ಕೇಳದ ಕಾರ್ಡನ್ನು ಕೀವು ಕುತ್ತಿಗೆಗೆ ಇಳಿಯುವ ಹೊತ್ತಿಗೆ ಕೇಳಿದರು.

ಇದರಲ್ಲಿ ಬೇಜಾರಿನ ಸಂಗತಿ ಅಂದರೆ, ಅವರಿಗೆ ಬೇಕಾಗಿದ್ದ ಚಿಕಿತ್ಸೆಗೆ ಕಾರ್ಡೇ ಬೇಕಿರಲಿಲ್ಲ. ಮದ್ದೂರು, ಮಳವಳ್ಳಿಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ವಿಭಾಗ ಇದೆ. ನಮ್ಮಂಥ ಮಂಡ್ಯದ ಸುತ್ತಲಿನವರಿಗೆ ಮಿಮ್ಸ್ ಆಸ್ಪತ್ರೆ ಇದೆ. ಹೊರರೋಗಿ ಚೀಟಿ ಮಾಡಿಸಿ ಕೂತರೆ ತಪಾಸಣೆ, ಹಲ್ಲು ಕೀಳೋದು, ಸಿಮೆಂಟ್ ತುಂಬೋದು ಬಿಪಿಎಲ್‌ನವರಿಗೆ ಉಚಿತ, ಉಳಿದವರಿಗೆ ಅಲ್ಪ ಶುಲ್ಕ. ರೂಟ್ ಕೆನಾಲ್ ಎಲ್ಲ ಕಡೆ ಇರಲ್ಲ, ಕೇಳಿಕೊಂಡು ಹೋಗಬೇಕು. ಕಾಯಬೇಕಾಗುತ್ತೆ, ಅದೂ ನಿಜ. ಆದರೆ ಅಂಥ ಕೊಠಡಿಯೊಂದು ಇದೆ ಅನ್ನೋದೇ ನಮ್ಮ ಬೀದಿಯಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಪ್ರಚಾರದ ಫ್ಲೆಕ್ಸ್‌ನಲ್ಲಿ 5 ಲಕ್ಷ ದಪ್ಪಕ್ಷರದಲ್ಲಿರುತ್ತೆ. ಹಲ್ಲಿನ ಡಾಕ್ಟರ್ ಎಷ್ಟನೇ ನಂಬರ್ ಕೊಠಡಿಯಲ್ಲಿ ಕೂರ್ತಾರೆ ಅಂತ ಯಾರೂ ಬರೆಸಲ್ಲ.

ಇನ್ನು ಹಲ್ಲು ಕಟ್ಟಿಸುವ ವಿಷಯ. ಅದಕ್ಕೆ 2014ರಲ್ಲಿ ರಾಜ್ಯ ಸರ್ಕಾರ "ದಂತ ಭಾಗ್ಯ" ಅಂತ ಬೇರೆಯೇ ಯೋಜನೆ ತಂತು. ಶುರುವಾದಾಗ 60 ದಾಟಿದ ಬಿಪಿಎಲ್ ಹಿರಿಯರಿಗೆ ಉಚಿತ ಹಲ್ಲಿನ ಸೆಟ್, ದಂತ ವೈದ್ಯಕೀಯ ಕಾಲೇಜುಗಳ ಮೂಲಕ. ಅನ್ನಭಾಗ್ಯ ಗೊತ್ತಿಲ್ಲದವರು ನಮ್ಮೂರಲ್ಲಿ ಯಾರೂ ಇಲ್ಲ. ಇದರ ಹೆಸರು ಹೇಳಿದರೆ ಮಾತ್ರ "ಅದ್ಯಾವ ಭಾಗ್ಯ?" ಅಂತಾರೆ.

ಒಂದು ಕಾರಣ ನಮ್ಮ ಊಟವೇ ಇರಬಹುದು ಅಂತ ನನಗೆ ಅನುಮಾನ. ಮುದ್ದೆ ನುಂಗೋದು, ಅಗಿಯೋದಲ್ಲ. ಹಾಗಾಗಿ ಮಂಡ್ಯ ಸೀಮೆಯಲ್ಲಿ ಹಲ್ಲಿಲ್ಲದವರೂ ಹೊಟ್ಟೆ ತುಂಬಾ ಉಣ್ಣಬಹುದು. ಹಲ್ಲಿನ ನೆನಪಾಗೋದು ಹೊಸತೊಡಕಿನ ದಿನ, ತಟ್ಟೆಗೆ ಬಾಡು ಬಿದ್ದಾಗ! ಆದರೆ ಹಸಿ ತರಕಾರಿ, ಕಾಳು, ಹಣ್ಣು ಎಲ್ಲ ಮೆಲ್ಲಗೆ ಬಿಟ್ಟುಹೋಗಿರುತ್ತೆ. ಸಕ್ಕರೆ ಕಾಯಿಲೆ ಇರೋರಿಗೆ ಒಸಡಿನ ಸೋಂಕೂ ಸೇರಿದರೆ ಸಕ್ಕರೆ ಹತೋಟಿಗೆ ಬರೋದು ಇನ್ನೂ ಕಷ್ಟ.

ಸೆಟ್ ಒಂದೇ ದಿನಕ್ಕೆ ಸಿಗಲ್ಲ. ಅಳತೆ, ಕಚ್ಚಿಸಿ ನೋಡೋದು, ಮೇಣದಲ್ಲಿ ಪರೀಕ್ಷೆ, ಕೊಡೋದು, ಆಮೇಲೆ ಒತ್ತುವ ಕಡೆ ಉಜ್ಜಿಸೋದು ಅಂತ ನಾಲ್ಕೈದು ಸಲ ಓಡಾಟ. ಮೈಸೂರಿನ ದಂತ ಕಾಲೇಜಿಗೆ ಮಂಡ್ಯದಿಂದ ಸುಮಾರು 45 ಕಿಲೋಮೀಟರ್. ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಗೆ ಬಸ್ ಟಿಕೆಟ್ ಇಲ್ಲ. ಅಜ್ಜನಿಗೆ ಇದೆ. ಜೊತೆಗೆ ಹೋಗುವ ಮಗನಿಗೆ ಐದು ದಿನದ ಕೂಲಿ ಹೋಗುತ್ತೆ. ಉಚಿತ ಅನ್ನೋ ಪದ ಇಲ್ಲಿ ಪೂರ್ತಿ ನಿಜವಲ್ಲ. ಅಳತೆ ತಗೊಳ್ಳೋ ಕೆಲಸವಾದರೂ ತಾಲ್ಲೂಕು ಆಸ್ಪತ್ರೆಯಲ್ಲೇ ಆದರೆ ಅರ್ಧ ಓಡಾಟ ತಪ್ಪುತ್ತೆ.

ಜರ್ಮನಿಯಲ್ಲಿ ಸರ್ಕಾರಿ ವಿಮೆಯವರು ಒಂದು ಸಣ್ಣ ಪುಸ್ತಕ ಕೊಡ್ತಾರೆ. ವರ್ಷಕ್ಕೊಮ್ಮೆ ಹಲ್ಲು ತೋರಿಸಿದರೆ ಅದರಲ್ಲಿ ಸೀಲು. ಮುಂದೆ ಹಲ್ಲು ಕಟ್ಟಿಸಬೇಕಾದಾಗ ಸಾಮಾನ್ಯ ದರ್ಜೆಯ ಕೆಲಸಕ್ಕೆ ಶೇ. 60 ನೆರವು, 5 ವರ್ಷದ ಸೀಲು ಇದ್ದರೆ 70, 10 ವರ್ಷ ಇದ್ದರೆ 75. ನೋವಿಲ್ಲದಾಗ ಬಂದವರಿಗೆ ಲಾಭ. ನಮ್ಮಲ್ಲಿ ನೋವು ತಡೆದುಕೊಂಡವರಿಗೆ "ಗಟ್ಟಿ ಜೀವ" ಅನ್ನೋ ಬಿರುದು.

ಎಲೆಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಹಾಕುವವರು ಮನೆಯಲ್ಲಿದ್ದರೆ ಈ ಪ್ಯಾರಾ ಅವರಿಗೆ ಓದಿ ಹೇಳಿ. ಎರಡು ಮೂರು ವಾರವಾದರೂ ಆರದ ಹುಣ್ಣು, ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಕಲೆ, ಮೂರು ಬೆರಳು ಉದ್ದುದ್ದಕ್ಕೆ ಹಿಡಿಸದಷ್ಟು ಬಾಯಿ ಬಿಗಿದಿರೋದು, ಇವು ಕಂಡರೆ ಅದೇ ದಂತ ವಿಭಾಗಕ್ಕೆ ತಕ್ಷಣ ಹೋಗಬೇಕು. ಕ್ಯಾನ್ಸರ್ ಆದಮೇಲೆ ಆಪರೇಷನ್ನು, ಕರೆಂಟು ಕೊಡೋದು ಎಲ್ಲಕ್ಕೂ ಕಾರ್ಡು ಸಹಾಯ ಮಾಡುತ್ತೆ. ಹೋದ ದವಡೆಯನ್ನು ಮೊದಲಿನ ಹಾಗೆ ತಂದುಕೊಡಲ್ಲ.

ಈ ವಾರ ಹೋಗೋರು ರೇಷನ್ ಕಾರ್ಡು, ಆಧಾರ್, ಆಯುಷ್ಮಾನ್ ಕಾರ್ಡು ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಬಿಪಿ, ಶುಗರ್ ಮಾತ್ರೆಗಳ ಚೀಟಿ ಮರೀಬೇಡಿ, ಹಲ್ಲು ಕೀಳುವ ಮೊದಲು ಡಾಕ್ಟರ್ ಕೇಳ್ತಾರೆ. ತಿಂಡಿ ತಿಂದೇ ಹೋಗಿ. ದಂತ ಭಾಗ್ಯದಲ್ಲಿ ಈಗ ವಯಸ್ಸಿನ ಮಿತಿ ಎಷ್ಟು, ಯಾವ ಕಾಲೇಜಿಗೆ ಬರೆದುಕೊಡ್ತಾರೆ ಅಂತ ಅಲ್ಲೇ ಕೇಳಿ. ಫೋನಲ್ಲಿ ವಿಚಾರಿಸಬೇಕಾದರೆ ಆರೋಗ್ಯ ಸಹಾಯವಾಣಿ 104. ಸಂತೆ ದಿನ ಬಿಟ್ಟು ಹೋದರೆ ಸಾಲು ಸ್ವಲ್ಪ ಕಮ್ಮಿ ಇರುತ್ತೆ.