ಅಂದದ ಹಳೆ ಸೈಕಲ್, ಸಿಗದ ಬಿಡಿಭಾಗ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಪುಣೆಯ ನಮ್ಮ ಸೈಕಲ್ ಬಳಗದಲ್ಲಿ ಒಂದು ಫೋಟೊ ಹರಿದಾಡಿತು. 1970ರ ದಶಕದ ಫ್ರೆಂಚ್ ಟೂರಿಂಗ್ ಸೈಕಲ್. ತೆಳ್ಳನೆಯ ಉಕ್ಕಿನ ಫ್ರೇಮ್, ಅಲ್ಯೂಮಿನಿಯಂ ಮಡ್‌ಗಾರ್ಡ್, ಮುಂದೆ ಚೀಲ ಇಡಲು ಪುಟ್ಟ ಕ್ಯಾರಿಯರ್. ಓದಲು ಹೋಗಿದ್ದವರೊಬ್ಬರು ವಾಪಸ್ ಬರುವಾಗ ತಂದದ್ದಂತೆ. ಹೊಸ ಟೂರಿಂಗ್ ಸೈಕಲ್‌ನ ಬೆಲೆಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. ನೋಡುವ ಮೊದಲೇ ಅದಕ್ಕೊಪ್ಪುವ ತೊಗಲಿನ ಸೀಟು ಆರ್ಡರ್ ಮಾಡಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಪುಣ್ಯಕ್ಕೆ ಜೊತೆಯಲ್ಲಿ ನಮ್ಮ ಬೀದಿಯ ಮೆಕ್ಯಾನಿಕ್ ಬಂದಿದ್ದರು. ಅವರು ಬಣ್ಣ ನೋಡಲಿಲ್ಲ. ಪೆಡಲ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರು. ಸಣ್ಣಗೆ ಕಟಕಟ ಸದ್ದು. ‘ಒಳಗಿನ ಕಪ್ ಸವೆದಿದೆ. ಇದರ ಅಳತೆಯ ಕಪ್ ಈ ಊರಲ್ಲಿ ಸಿಗುವುದಿಲ್ಲ’ ಎಂದರು. ಅಲ್ಲಿಗೆ ಬೆಲೆಯ ಲೆಕ್ಕ ಬದಲಾಯಿತು.

ನಮ್ಮಲ್ಲಿ ಸೈಕಲ್ ಉದ್ಯಮ ಬೆಳೆದದ್ದು ಬ್ರಿಟಿಷ್ ಕಂಪನಿಗಳ ಸಹಯೋಗದಲ್ಲಿ. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್, ಅಸನ್ಸೋಲ್‌ನ ಸೆನ್-ರ‍್ಯಾಲಿ ಎರಡರದ್ದೂ ಅದೇ ಕಥೆ. ಹೀಗಾಗಿ ದೇಶ ಮೆಟ್ರಿಕ್ ಪದ್ಧತಿಗೆ ಬದಲಾದರೂ ಪೆಡಲ್ ತಿರುಗುವ ಆ ಗೂಡಿನಲ್ಲಿ, ಅಂದರೆ ಬಾಟಮ್ ಬ್ರಾಕೆಟ್‌ನಲ್ಲಿ, ಇಂಚಿನ ಲೆಕ್ಕವೇ ಉಳಿಯಿತು: ವ್ಯಾಸ 1.37 ಇಂಚು, ಇಂಚಿಗೆ 24 ಮರೆ. ಫ್ರೆಂಚರದ್ದು 35 ಮಿ.ಮೀ. ವ್ಯಾಸ, 1 ಮಿ.ಮೀ. ಅಂತರದ ಮರೆ. ವ್ಯಾಸದ ವ್ಯತ್ಯಾಸ ಬರೀ 0.2 ಮಿ.ಮೀ. ಆದರೆ ಒಂದರ ಕಪ್ ಇನ್ನೊಂದಕ್ಕೆ ಕೂರುವುದಿಲ್ಲ. ಮೇಲಾಗಿ ಬ್ರಿಟಿಷ್ ಪದ್ಧತಿಯಲ್ಲಿ ಬಲಬದಿಯ ಕಪ್ ಎಡಮರೆಯದ್ದು, ಫ್ರೆಂಚ್ ಪದ್ಧತಿಯಲ್ಲಿ ಎರಡೂ ಬಲಮರೆ. ಇದು ತಿಳಿಯದವರು ಬಿಚ್ಚಲು ಹೊರಟರೆ ಇನ್ನಷ್ಟು ಬಿಗಿ ಮಾಡಿ ಮರೆಯನ್ನೇ ಕೆಡಿಸುತ್ತಾರೆ.

ಇದಾದರೂ ಒಂದು ದೇಶದ ಮಾನಕ. ಒಂದೇ ಕಂಪನಿಯ ಸ್ವಂತ ವಿನ್ಯಾಸವಾದರೆ ಕಷ್ಟ ಇನ್ನೂ ಹೆಚ್ಚು. 1980ರ ದಶಕದ ಆರಂಭದಲ್ಲಿ ಫ್ರಾನ್ಸ್‌ನ ಮಯಾರ್ ಕಂಪನಿ ‘ಹೆಲಿಕೋಮ್ಯಾಟಿಕ್’ ಎಂಬ ಹಿಂಗಾಲಿ ಹಬ್ ತಂದಿತು. ಹಲ್ಲುಚಕ್ರಗಳ ಗುಚ್ಛವನ್ನು ತಿರುಪಿನಾಕಾರದ ಗಾಡಿಗಳ ಮೇಲೆ ಜಾರಿಸಿ ಒಂದು ರಿಂಗ್ ಬಿಗಿದರೆ ಮುಗಿಯಿತು. ಅದನ್ನು ಬಿಚ್ಚುವ ಪುಟ್ಟ ಉಪಕರಣದಲ್ಲಿ ಬಾಟಲಿ ಮುಚ್ಚಳ ತೆಗೆಯುವ ಸೌಕರ್ಯವೂ ಇತ್ತು! ಉಪಾಯವೇನೋ ಜಾಣತನದ್ದು. ಆದರೆ ಬಲಬದಿಯಲ್ಲಿ ಜಾಗ ಸಾಲದೆ ಸಣ್ಣ ಬೇರಿಂಗ್ ಗುಂಡು ಹಾಕಬೇಕಾಯಿತು, ಅದು ಬೇಗ ಸವೆಯುತ್ತಿತ್ತು. ಆ ಹಬ್‌ಗೆ ಬೇರೆ ಕಂಪನಿಯ ಹಲ್ಲುಚಕ್ರ ಕೂರುವುದಿಲ್ಲ. ಮಯಾರ್ ಮೊದಲು ಜರ್ಮನಿಯ ಸಾಕ್ಸ್‌ಗೆ ಸೇರಿತು, ಸಾಕ್ಸ್‌ನ ಸೈಕಲ್ ಭಾಗಗಳ ವಿಭಾಗವನ್ನು 1997ರಲ್ಲಿ ಅಮೆರಿಕದ ಸ್ರ‍್ಯಾಮ್ ಕೊಂಡಿತು. ಇಂದು ಆ ಹಬ್ ಇರುವವರಿಗೆ ಉಳಿದ ದಾರಿ ಹಳೆ ದಾಸ್ತಾನು ಹುಡುಕುವುದು, ಇಲ್ಲವೇ ಗಾಲಿಯನ್ನೇ ಬದಲಿಸುವುದು.

ಹಾಗಾದರೆ ಹಳೆ ಸೈಕಲ್ ಕೊಳ್ಳಲೇಬಾರದೇ? ಹಾಗೇನಿಲ್ಲ. ಕೊಳ್ಳುವ ಮುನ್ನ ಅದರ ಭಾಗಗಳನ್ನು ಮೂರು ಗುಂಪು ಮಾಡಿ. ಚೈನು, ಕೇಬಲ್, ಬ್ರೇಕ್ ರಬ್ಬರ್ ಎಲ್ಲೆಡೆ ಸಿಗುವಂಥವು, ಅವು ಹಾಳಾಗಿದ್ದರೂ ಚಿಂತೆಯಿಲ್ಲ. ಎರಡನೆಯವು ಹೊಂದಿಸಿಕೊಳ್ಳಬಹುದಾದವು. ಫ್ರೆಂಚ್ ಪೆಡಲ್‌ನ 14 ಮಿ.ಮೀ. ರಂಧ್ರಕ್ಕೆ ಟ್ಯಾಪ್ ಹಾಕಿ ಸಾಮಾನ್ಯ 9/16 ಇಂಚಿನ ಪೆಡಲ್ ಕೂರಿಸಬಹುದು. ಡಿಲ್ರಿನ್ ಪ್ಲಾಸ್ಟಿಕ್‌ನ ಹಳೆಯ ಗೇರ್ ಬದಲಾಯಿಸುವ ಭಾಗ ಬಿರುಕು ಬಿಟ್ಟಿದ್ದರೆ ಬೇರೆಯದನ್ನು ತುಸು ಹೊಂದಾಣಿಕೆ ಮಾಡಿ ಹಾಕಬಹುದು. ಮೂರನೆಯವು ಬದಲಿ ಇಲ್ಲದವು. ಬೆಲೆ ನಿರ್ಧರಿಸಬೇಕಾದದ್ದು ಈ ಮೂರನೇ ಗುಂಪು, ಬಣ್ಣದ ಹೊಳಪಲ್ಲ.

ಟಯರ್ ವಿಷಯದಲ್ಲಿ ಲೇಬಲ್ ನಂಬಬೇಡಿ, ಮಿ.ಮೀ. ಅಂಕಿ ಕೇಳಿ. ಹಳೆಯ ‘27 ಇಂಚು’ ಟೂರಿಂಗ್ ಗಾಲಿಯ ರಿಮ್ ಅಳತೆ 630. ಇಂದಿನ ‘27.5 ಇಂಚು’ ಗಾಲಿಯದ್ದು 584. ಹೆಸರಿನಲ್ಲಿ ಅರ್ಧ ಇಂಚು ದೊಡ್ಡದು, ನಿಜದಲ್ಲಿ 46 ಮಿ.ಮೀ. ಚಿಕ್ಕದು. ಆದರೆ ಇದೇ 584 ಫ್ರೆಂಚ್ ಟೂರಿಂಗ್ ಸೈಕಲ್‌ಗಳ ಹಳೆಯ 650ಬಿ ಅಳತೆ. ಅಳಿದೇ ಹೋಯಿತು ಎಂದುಕೊಂಡಿದ್ದ ಅಳತೆ ಮೌಂಟನ್ ಬೈಕ್‌ಗಳಿಂದಾಗಿ ಮತ್ತೆ ಪೇಟೆಗೆ ಬಂತು. ಅದು ಯಾವ ಒಂದು ಕಂಪನಿಯ ಸ್ವತ್ತೂ ಆಗಿರಲಿಲ್ಲವಾದ್ದರಿಂದ ಯಾರು ಬೇಕಾದರೂ ಮತ್ತೆ ತಯಾರಿಸಬಹುದಾಯಿತು.

ಈ ಮಾತು ಹಳೆ ಸೈಕಲ್ ಮೋಹಿಗಳಿಗಷ್ಟೇ ಸಂಬಂಧಿಸಿದ್ದಲ್ಲ. ಊರಲ್ಲಿ ಅಪ್ಪನ ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್‌ಗಳು ಮೂವತ್ತು ನಲವತ್ತು ವರ್ಷ ಬಾಳಿದ್ದು ಉಕ್ಕಿನ ಗಟ್ಟಿತನದಿಂದ ಮಾತ್ರವಲ್ಲ. ಸಂತೆಪೇಟೆಯ ಅಂಗಡಿಯಲ್ಲೂ ಅವುಗಳ ಬಿಡಿಭಾಗ ಸಿಗುತ್ತಿತ್ತು, ಯಾವ ಕಂಪನಿಯದ್ದಾದರೂ ಹೊಂದುತ್ತಿತ್ತು. ಇಂದು ನಾವು ಇಎಂಐ ಕಟ್ಟಿ ಕೊಳ್ಳುವ ದುಬಾರಿ ಸೈಕಲ್‌ಗಳಲ್ಲಿ ಹ್ಯಾಂಡಲ್, ಸೀಟ್ ಕಂಬ ಎಲ್ಲವೂ ಆಯಾ ಮಾಡೆಲ್‌ನ ಸ್ವಂತ ಆಕಾರದವು. ಎಲೆಕ್ಟ್ರಿಕ್ ಸೈಕಲ್‌ಗಳ ಬ್ಯಾಟರಿಯೂ ಹಾಗೆಯೇ. ಹತ್ತು ವರ್ಷ ಕಳೆದರೆ ಇವೂ ಆ ಹೆಲಿಕೋಮ್ಯಾಟಿಕ್‌ನ ಸಾಲಿಗೆ ಸೇರುತ್ತವೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು, ಅದೇ ವರ್ಷದ ಕೊನೆಗೆ ಪೋರ್ಟಲ್ ಕೂಡ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳನ್ನು ಗುರುತಿಸಿತು. ಸೈಕಲ್‌ಗೂ ಆ ಪಟ್ಟಿಯಲ್ಲಿ ಸ್ಪಷ್ಟ ಜಾಗ ಬೇಕು. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂಬುದನ್ನು ಮಾರುವಾಗಲೇ ಬರೆದುಕೊಡಬೇಕು. ತಯಾರಿಕೆ ನಿಲ್ಲಿಸಿದರೆ ಅಳತೆಗಳನ್ನಾದರೂ ಬಹಿರಂಗಪಡಿಸಬೇಕು. ಅಳತೆ ಗೊತ್ತಿದ್ದರೆ ನಮ್ಮ ಲೇತ್‌ಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ.

ಇದು ಬರೀ ಆಶಾವಾದದ ಮಾತಲ್ಲ. ಆ ಸೈಕಲ್ಲನ್ನು ನಾನು ಕೊನೆಗೂ ಕೊಂಡೆ. ದುರಸ್ತಿ ವೆಚ್ಚವನ್ನು ಮುಂದಿಟ್ಟಾಗ ಮಾರುವವರು ಅಷ್ಟನ್ನು ಬೆಲೆಯಲ್ಲಿ ಇಳಿಸಿದರು. 35 ಮಿ.ಮೀ., 1 ಮಿ.ಮೀ. ಮರೆ ಎಂದು ಚೀಟಿ ಬರೆದುಕೊಟ್ಟದ್ದಕ್ಕೆ ಭೋಸರಿಯ ಲೇತ್ ಕೆಲಸಗಾರರೊಬ್ಬರು ವಾರದಲ್ಲಿ ಎರಡು ಕಪ್ ತಿರುಗಿಸಿ ಕೊಟ್ಟರು. ನನ್ನ ಮೆಕ್ಯಾನಿಕ್ ಆ ಚೀಟಿಯನ್ನು ತಮ್ಮ ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ, ಮುಂದೆ ಬರುವವರಿಗೆ ಬೇಕಾಗುತ್ತದೆ ಎಂದು.